ಗೋಲ್ಡ್ ಪಾಸ್, ವೆಲ್ಕಿನ್, ಯುಸಿ: ದುಡ್ಡು ಹಾಕುವುದಾದರೆ ಯಾವುದಕ್ಕೆ?

ಗೇಮ್‌ಗೆ ದುಡ್ಡು ಹಾಕಲೇಬಾರದು ಎನ್ನುವವನಲ್ಲ ನಾನು. ಆದರೆ ಕೊಟ್ಟ ದುಡ್ಡಿಗೆ ಏನು ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು, ಅಲ್ವಾ? ಹಳ್ಳಿ ಕಟ್ಟುವ ಕ್ಲಾಶ್ ಆಫ್ ಕ್ಲಾನ್ಸ್, ಪಾತ್ರಗಳನ್ನು ಕೂಡಿಸುವ ಗೆನ್‌ಶಿನ್ ಇಂಪ್ಯಾಕ್ಟ್, ಗುಂಡು ಹಾರಿಸುವ ಬಿಜಿಎಮ್‌ಐ ಮೂರಕ್ಕೂ ದುಡ್ಡು ಕೊಟ್ಟು ಆಡಿ ನೋಡಿದ್ದೇನೆ.

ಕ್ಲಾಶ್‌ನ ಲೆಕ್ಕ ಸರಳ. 2019ರಲ್ಲಿ ಬಂದ ಗೋಲ್ಡ್ ಪಾಸ್ ಒಂದು ತಿಂಗಳ ಸೀಸನ್‌ಗೆ. ಬಹುಮಾನಗಳ ಪಟ್ಟಿ ಕೊಳ್ಳುವ ಮೊದಲೇ ಕಣ್ಣೆದುರು ಇರುತ್ತದೆ. ಪಾಯಿಂಟ್ ಗಳಿಸುತ್ತಾ ಹೋದರೆ ಅಪ್‌ಗ್ರೇಡ್‌ನ ಖರ್ಚು, ಸಮಯ ಎರಡೂ ಶೇ. 20ರಷ್ಟರವರೆಗೆ ಕಡಿಮೆಯಾಗುತ್ತವೆ. ಒಂದೊಂದು ಕಟ್ಟಡಕ್ಕೂ ದಿನಗಟ್ಟಲೆ ಕಾಯುವ ದೊಡ್ಡ ಟೌನ್ ಹಾಲ್‌ನವರಿಗೆ (ಆಟದಲ್ಲಿ ಮೇಲಿನ ಲೆವೆಲ್‌ಗೆ ಬಂದವರಿಗೆ) ಇದು ನಿಜವಾದ ಲಾಭ. ಸಣ್ಣ ಟೌನ್ ಹಾಲ್‌ಗೆ ಸುಮ್ನೆ ದಂಡ. ಸೀಸನ್ ಕೊನೆಯಲ್ಲಿ ಕೊಂಡರೂ ಅಷ್ಟರವರೆಗೆ ದಾಟಿದ ಹಂತಗಳ ಬಹುಮಾನ ಸಿಗುತ್ತದೆ. ರಿಯಾಯಿತಿಯ ದಿನಗಳು ತಪ್ಪುತ್ತವೆ, ನಿಜ. ಆದರೆ ಎಷ್ಟು ಆಡಿದ್ದೇವೆ ಎಂದು ನೋಡಿಕೊಂಡು ದುಡ್ಡು ಕೊಡಬಹುದು.

ಗೆನ್‌ಶಿನ್ ಮೊದಲ ನೋಟಕ್ಕೆ ಇನ್ನೂ ಅಗ್ಗ. ವೆಲ್ಕಿನ್ ಮೂನ್ ಎಂಬ ತಿಂಗಳ ಪಾಸ್ ಕೊಂಡರೆ ತಕ್ಷಣ 300 ಜೆನೆಸಿಸ್ ಕ್ರಿಸ್ಟಲ್ (ದುಡ್ಡಿಗೆ ಸಿಗುವ ನಾಣ್ಯ), ಆಮೇಲೆ 30 ದಿನ ದಿನಕ್ಕೆ 90 ಪ್ರಿಮೊಜೆಮ್ (ಆಟದೊಳಗಿನ ನಾಣ್ಯ). ಒಂದು ದಿನ ಲಾಗಿನ್ ಆಗದಿದ್ದರೆ ಆ ದಿನದ್ದು ಹೋಯಿತು. ಒಂದು ಕ್ರಿಸ್ಟಲ್‌ಗೆ ಒಂದು ಪ್ರಿಮೊಜೆಮ್, ಹಾಗಾಗಿ ಎಲ್ಲ ಸೇರಿ 3,000. ಒಂದು ವಿಶ್‌ಗೆ (ಪಾತ್ರಕ್ಕಾಗಿ ಒಂದು ಸಲ ಚೀಟಿ ಎತ್ತಲು) 160, ಅಂದರೆ ತಿಂಗಳಿಗೆ 18 ವಿಶ್. ಅಪರೂಪದ ಐದು ಸ್ಟಾರ್ ಪಾತ್ರ ಬರುವ ಮೂಲ ಸಾಧ್ಯತೆ ಶೇ. 0.6. 90ನೇ ವಿಶ್‌ನೊಳಗೆ ಒಂದು ಬಂದೇ ಬರುತ್ತದೆ, ಆದರೆ ನಮಗೆ ಬೇಕಾದವರೇ ಬರುತ್ತಾರೆ ಎಂದಲ್ಲ. ಅದಕ್ಕೆ ಸುಮಾರು ಅರ್ಧಕ್ಕರ್ಧ ಚಾನ್ಸ್. ತಪ್ಪಿದರೆ ಮುಂದಿನದು ಖಚಿತ. ಹಾಗಾಗಿ ಕೆಟ್ಟ ಅದೃಷ್ಟಕ್ಕೆ 180 ವಿಶ್, 28,800 ಪ್ರಿಮೊಜೆಮ್. ಬರೀ ವೆಲ್ಕಿನ್ ನಂಬಿದರೆ ಒಂಬತ್ತು ತಿಂಗಳಿಗೂ ಜಾಸ್ತಿ! ಆಡಿ ಗಳಿಸುವ ಜೆಮ್‌ನಿಂದ ಇದು ಸಾಕಷ್ಟು ಕಡಿಮೆಯಾಗುತ್ತದೆ, ಮಾಡಿದ ವಿಶ್‌ಗಳ ಎಣಿಕೆಯೂ ಮುಂದಿನ ಬ್ಯಾನರ್‌ಗೆ (ಬೇರೆ ಪಾತ್ರ ಸಿಗುವ ಅವಧಿಗೆ) ಉಳಿಯುತ್ತದೆ. ನನಗೆ ಹಿಡಿಸದ್ದು ಬೇರೆ. ರೂಪಾಯಿ ಕ್ರಿಸ್ಟಲ್ ಆಗಿ, ಕ್ರಿಸ್ಟಲ್ ಪ್ರಿಮೊಜೆಮ್ ಆಗಿ, ಅದು ವಿಶ್ ಮಾಡುವ ಟಿಕೆಟ್, ಅಂದರೆ ಫೇಟ್, ಆಗುವಷ್ಟರಲ್ಲಿ ಖರ್ಚು ಎಷ್ಟೆಂಬುದೇ ಮರೆತುಹೋಗುತ್ತದೆ. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಎತ್ತಿದ ದೂರುಗಳಲ್ಲಿ ಇದೂ ಒಂದು. 2025ರ ಜನವರಿಯಲ್ಲಿ ಗೆನ್‌ಶಿನ್‌ನ ಕಂಪನಿ ಆ ದೂರುಗಳ ಇತ್ಯರ್ಥಕ್ಕೆ 2 ಕೋಟಿ ಡಾಲರ್ ಕೊಡಲು ಒಪ್ಪಿತು.

ಬಿಜಿಎಮ್‌ಐನಲ್ಲಿ ಯುಸಿ (ದುಡ್ಡು ಕೊಟ್ಟು ಕೊಳ್ಳುವ ನಾಣ್ಯ) ಖರ್ಚು ಮಾಡಿದರೆ ಆಟದಲ್ಲಿ ಬಲವೇನೂ ಬರುವುದಿಲ್ಲ. ಗನ್ ಸ್ಕಿನ್ (ಗನ್‌ನ ಹೊರವೇಷ) ಹೊಳೆಯುತ್ತದೆ, ಡ್ಯಾಮೇಜ್ ಮೊದಲಿನಷ್ಟೇ. ನ್ಯಾಯವಾದದ್ದೇ. ಗೋಲ್ಡ್ ಪಾಸ್‌ನಂಥ ರಾಯಲ್ ಪಾಸ್ ಪರವಾಗಿಲ್ಲ, ಪಟ್ಟಿ ಮೊದಲೇ ಕಾಣುತ್ತದೆ. ಏನು ಬರುತ್ತದೋ ಗೊತ್ತಿಲ್ಲದ ಪೆಟ್ಟಿಗೆ, ಅಂದರೆ ಕ್ರೇಟ್, ಮಾತ್ರ ಪಕ್ಕಾ ಲಾಟರಿ ಟಿಕೆಟ್. ಸ್ಕ್ವಾಡ್‌ನವರ ಎದುರು ಮೆರೆಯಬೇಕೆಂದರೆ ತೆರೆಯಿರಿ. 18 ತುಂಬದವರಿಗೆ ಖರೀದಿಯ ಮಿತಿ ದಿನಕ್ಕೆ 7,000 ರೂಪಾಯಿ ಎಂದು 2021ರಲ್ಲಿ ಬಿಜಿಎಮ್‌ಐನ ಕಂಪನಿ ಕ್ರಾಫ್ಟನ್ ಪ್ರಕಟಿಸಿತ್ತು. ದಿನಕ್ಕೆ! ಮನೆಯಲ್ಲಿ ಮಕ್ಕಳಿದ್ದರೆ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಟ್ಟುಬಿಡಿ.

ಸದ್ಯ ನಾನು ಕೊಳ್ಳುತ್ತಿರುವುದು ಗೋಲ್ಡ್ ಪಾಸ್ ಒಂದೇ. ಅದೂ ಕ್ಲಾನ್‌ನವರು ಜೋರಾಗಿ ಆಡುವ ತಿಂಗಳು ಮಾತ್ರ.