ಚಿಗರಿ ಹೊಲಕ್ಕೆ ನುಗ್ಗಿದರೆ: ಅನುಮತಿಯೋ, ಪರಿಹಾರವೋ?

ಎಳೆಯ ಗೋವಿನಜೋಳದ ಸುಳಿಯನ್ನೇ ಚಿಗರಿ (ಕೃಷ್ಣಮೃಗ) ಚಿವುಟಿ ತಿಂದಿದ್ದರೆ ರಾಣೆಬೆನ್ನೂರಿನ ರೈತನ ಮುಂದೆ ಎರಡು ದಾರಿ. ಒಂದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಡಿ ಬೇಟೆಗೆ ಅನುಮತಿ ಕೇಳುವುದು. ಪ್ರಾಣಿ ಕಾಯ್ದೆಯ ಯಾವ ಅನುಸೂಚಿಯಲ್ಲಿ (ಪಟ್ಟಿಯಲ್ಲಿ) ಇದೆ ಎಂಬುದರ ಮೇಲೆ ಅನುಮತಿ ನಿಂತಿದೆ. ಉದಾಹರಣೆಗೆ, ಕಾಡುಹಂದಿ ಎರಡನೇ ಅನುಸೂಚಿಯದು. ನಿಂತ ಬೆಳೆಗೆ ಕಂಟಕವಾದರೂ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಬೇಟೆಗೆ ಲಿಖಿತ ಅನುಮತಿ ನೀಡಬಹುದು. ಚಿಗರಿ ಮೊದಲನೇ ಅನುಸೂಚಿಯದು. ಅನುಮತಿ ಸಿಗಲು ಅದರಿಂದ ಮನುಷ್ಯನ ಜೀವಕ್ಕೇ ಅಪಾಯವಿರಬೇಕು, ಇಲ್ಲವೇ ಅದು ಗುಣವಾಗದಷ್ಟು ರೋಗ ಅಥವಾ ಊನಕ್ಕೆ ತುತ್ತಾಗಿರಬೇಕು. ಬೆಳೆನಷ್ಟ ಅಲ್ಲಿ ಲೆಕ್ಕಕ್ಕಿಲ್ಲ. (ಹುಬ್ಬಳ್ಳಿಯಲ್ಲಿ ಬಸ್ಸಿಗೇ ಅದರ ಹೆಸರಿಟ್ಟು ಮೆರೆಸುತ್ತೇವೆ, ಹೊಲದವರಿಗೆ ಅಷ್ಟು ಪ್ರೀತಿ ಬರುವುದು ಕಷ್ಟ.)

ಹಾಗಾಗಿ ಚಿಗರಿಯ ಮಟ್ಟಿಗೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ: ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ. ಗೊರಸಿನ ಗುರುತು ಮಳೆಗೆ ಅಳಿಯುವ ಮೊದಲು, ಮರುಬಿತ್ತನೆಗೂ ಮೊದಲು ಫೋಟೊ ತೆಗೆದಿಡಿ, ಪಹಣಿ ಕೈಯಲ್ಲಿರಲಿ.