ಟ್ರೇಲರ್ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರೆ ಖುಷಿಪಡಬೇಡಿ, ನಾನು ಪಟ್ಟು ಕೆಟ್ಟೆ

ದೋಣಿಯನ್ನು ಟ್ರೇಲರ್ ಮೇಲೆ ಕೂರಿಸಿ ಕಾರಿನ ಹಿಂದೆ ಎಳೆದುಕೊಂಡು ಹೋಗುವವರು ಇದನ್ನು ಪೂರ್ತಿ ಓದಿ. "ಬ್ಯಾಲೆನ್ಸ್ ಮಾಡಿಕೊಟ್ಟಿದ್ದೀವಿ" ಅಂತ ಯಾರಾದರೂ ಹೇಳಿದರೆ, "ಮೂತಿಯಲ್ಲಿ ಎಷ್ಟು ಕೆ.ಜಿ. ಭಾರ ಇದೆ?" ಅಂತ ಕೇಳಿ. ಮೂತಿ ಅಂದರೆ ಟ್ರೇಲರ್‌ನ ಮುಂದಿನ ತುದಿ, ಕಾರಿಗೆ ಸಿಕ್ಕಿಸುವ ಜಾಗ. ಕೆ.ಜಿ. ಲೆಕ್ಕದಲ್ಲಿ ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ. ನಾನು ಕೇಳಲಿಲ್ಲ. ದುಡ್ಡು ಮಾತ್ರ ಕೊಟ್ಟೆ.

ಬರೆಯೋಕೆ ನಾಚಿಕೆ ಆಗುತ್ತಿದೆ. ಎರಡು ವಾರ ಯಾರಿಗೂ ಹೇಳದೆ ಸುಮ್ನೆ ಇದ್ದೆ. ಆಮೇಲೆ ಅದೇ ವರ್ಕ್‌ಶಾಪ್ ಮುಂದೆ ಇನ್ನೊಬ್ಬರ ದೋಣಿ ನಿಂತಿರುವುದನ್ನು ನೋಡಿದೆ. ಅವರದೂ ಹೊಸ ಎಂಜಿನ್. ಹೊಟ್ಟೆ ಉರಿಯಿತು, ಅದಕ್ಕೇ ಬರೆಯುತ್ತಿದ್ದೇನೆ. ವರ್ಕ್‌ಶಾಪ್ ಹೆಸರು ಹಾಕುವುದಿಲ್ಲ, ಕೇಳಬೇಡಿ.

ನಾಲ್ಕು ವರ್ಷದಿಂದ ಅದೇ ದೋಣಿ, ಅದೇ ಟ್ರೇಲರ್, ಏನೂ ತೊಂದರೆ ಇರಲಿಲ್ಲ. ದೋಣಿಯ ಹಿಂತುದಿಗೆ ತಗುಲಿಸಿದ್ದ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನಿನ ಹೊಗೆ ಕುಡಿದು ಸಾಕಾಗಿ ಫೋರ್ ಸ್ಟ್ರೋಕ್ ಹಾಕಿಸೋಣ ಅಂತ ಹೊರಟೆ. ಹೊಸದು ಹಳೆಯದಕ್ಕಿಂತ ಸುಮಾರು 40 ಕೆ.ಜಿ. ಜಾಸ್ತಿ ತೂಕ. ಅಷ್ಟು ಮಾತ್ರ ನನಗೂ ಗೊತ್ತಿತ್ತು. ಅದಕ್ಕೇ ಮೊದಲ ದಿನವೇ ಕೇಳಿದ್ದೆ, "ಹಿಂದೆ ಭಾರ ಜಾಸ್ತಿ ಆಗುತ್ತಲ್ವಾ, ಟ್ರೇಲರ್‌ಗೆ ಏನಾದರೂ ಮಾಡಬೇಕಾ?" ಅಂತ. ಮಾಲೀಕರು ಭುಜ ತಟ್ಟಿದರು. "ಸಾರ್, ಅದೆಲ್ಲ ನಮಗೆ ಬಿಡಿ. ಬ್ಯಾಲೆನ್ಸ್ ಮಾಡೇ ಕೊಡೋದು." ಬಿಲ್ಲಿನಲ್ಲೂ ಒಂದು ಸಾಲು ಇತ್ತು: ಟ್ರೇಲರ್ ಬ್ಯಾಲೆನ್ಸಿಂಗ್. ಮುಂದೆ ಬೇರೆಯೇ ಮೊತ್ತ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಗಾಡಿ ತರೋಕೆ ಹೋದ ಸಂಜೆ. ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ಮಾಲೀಕರು ಇನ್ಯಾವುದೋ ಗಿರಾಕಿ ಜೊತೆ ಫೋನಿನಲ್ಲಿದ್ದರು. ಫೋನು ಇಡಲೂ ಇಲ್ಲ. ಬಲಗೈಯಲ್ಲಿ ಕಿವಿಗೆ ಫೋನು ಹಿಡಿದುಕೊಂಡೇ ಬಗ್ಗಿ, ಎಡಗೈಯಲ್ಲಿ ಟ್ರೇಲರ್ ಮೂತಿ ಹಿಡಿದು ಸಲೀಸಾಗಿ ಮೊಣಕಾಲಿನವರೆಗೆ ಎತ್ತಿದರು. ಎತ್ತಿ ಹಾಗೇ ನಿಂತರು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಒಂದು ಟನ್ನಿಗಿಂತ ಜಾಸ್ತಿ ತೂಕದ ದೋಣಿ, ಟ್ರೇಲರ್. ಒಂದೇ ಕೈಯಲ್ಲಿ!

ನಾನು ಏನು ಮಾಡಿದೆ ಗೊತ್ತಾ? ವಿಡಿಯೋ ಮಾಡಿಕೊಂಡೆ. "ಇನ್ನೊಂದು ಸಲ ಎತ್ತಿ ಸಾರ್" ಅಂತ ಹೇಳಿ ವಿಡಿಯೋ ಮಾಡಿಕೊಂಡೆ. ಗೆಳೆಯರಿಗೆ ಕಳಿಸಿದೆ, "ಕೆಲಸ ಅಂದ್ರೆ ಇದು" ಅಂತ ಬರೆದು. ಹಳೆ ಎಂಜಿನ್ ಇದ್ದಾಗ ಆ ಮೂತಿ ಎತ್ತೋಕೆ ಎರಡು ಕೈ, ಸೊಂಟ, ಜೊತೆಗೆ ಪಕ್ಕದಲ್ಲಿ ಯಾರಾದರೂ ಇನ್ನೊಬ್ಬರು ಬೇಕಾಗುತ್ತಿತ್ತು. ಈಗ ಹೂವಿನ ಹಾಗೆ ಏಳುತ್ತಿದೆ ಅಂತ ಖುಷಿಪಟ್ಟೆ. ಯಾಕೆ ಏಳುತ್ತಿದೆ ಅಂತ ಒಂದು ಕ್ಷಣ ಯೋಚಿಸಲಿಲ್ಲ.

ನಮ್ಮಜ್ಜ ಎತ್ತಿನ ಗಾಡಿ ಹೊಡೆದವರು. ಗಾಡಿ ಹಿಂಭಾರ ಆದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯ ಮೇಲೆ ಕೂರುವುದಿಲ್ಲ, ಯಾವತ್ತೂ ಸ್ವಲ್ಪ ಮುಂಭಾರವೇ ಇರಬೇಕು ಅಂತ ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದೇನೆ. ಅಂಥವರ ಮೊಮ್ಮಗ ನಾನು. ಮೂಕಿ ತಾನಾಗೇ ಏಳುತ್ತಿರುವುದನ್ನು ನೋಡಿ ಚಪ್ಪಾಳೆ ತಟ್ಟಿ ಬಂದೆ.

ಅವರ ಅಂಗಳದ ಸುತ್ತ ಎರಡು ರೌಂಡ್ ಓಡಿಸಿಯೂ ತೋರಿಸಿದರು. ಅದು ಏನೂ ಹೇಳುವುದಿಲ್ಲ ಅಂತ ಈಗ ಗೊತ್ತಾಗಿದೆ. ಮೂತಿ ಹಗುರ ಇರುವ ಟ್ರೇಲರ್ 30, 40 ಕಿ.ಮೀ. ವೇಗದಲ್ಲಿ ಸಾಧು ಪ್ರಾಣಿ. ವೇಗ ಏರಿದ ಹಾಗೆ ಅದರ ತೂಗಾಟ ತಾನಾಗೇ ತಣ್ಣಗಾಗುವ ಗುಣ ಕಡಿಮೆ ಆಗುತ್ತಾ ಹೋಗುತ್ತದೆ. ಒಂದು ಹಂತ ದಾಟಿದರೆ ತಣ್ಣಗಾಗುವ ಬದಲು ಪ್ರತಿ ತೂಗಿಗೂ ದೊಡ್ಡದಾಗುತ್ತದೆ.

ನನಗೆ ಆ ಹಂತ ಬಂದದ್ದು 80ರ ಹತ್ತಿರ, ಇಳಿಜಾರಿನಲ್ಲಿ. ಪಕ್ಕದಲ್ಲಿ ತಮ್ಮ ಕೂತಿದ್ದ. ಒಂದು ದೊಡ್ಡ ಲಾರಿ ನಮ್ಮನ್ನು ದಾಟಿ ಹೋಯಿತು, ಅದರ ಗಾಳಿ ಬಡಿಯಿತು, ಅಷ್ಟೇ. ಕನ್ನಡಿಯಲ್ಲಿ ದೋಣಿಯ ಎಡ ಪಕ್ಕೆ ಪೂರ್ತಿ ಕಾಣಿಸಿತು. ಎಳೆದುಕೊಂಡು ಹೋಗುವವರಿಗೆ ಗೊತ್ತು, ನೇರ ರಸ್ತೆಯಲ್ಲಿ ಪಕ್ಕೆ ಪೂರ್ತಿ ಕಾಣಿಸಲೇಬಾರದು. ಅರೆ ಅನ್ನುವಷ್ಟರಲ್ಲಿ ಇನ್ನೊಂದು ಕನ್ನಡಿಯಲ್ಲಿ ಬಲ ಪಕ್ಕೆ. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಅಲುಗಿಸಿದ ಹಾಗೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿ ಸಲ ಜಾಸ್ತಿ. ತಮ್ಮ "ಬ್ರೇಕ್, ಬ್ರೇಕ್!" ಅಂತ ಕೂಗಿದ. ಕಾಲು ಬ್ರೇಕ್ ಮೇಲೆ ಹೋಗಿತ್ತು. ಜೋರಾಗಿ ಒತ್ತಿದ್ದರೆ ಹಿಂದಿನ ಟ್ರೇಲರ್ ಕಾರನ್ನೇ ತಳ್ಳಿಕೊಂಡು ಅಡ್ಡ ತಿರುಗಿಸುತ್ತಿತ್ತು. ಯಾವ ದೇವರು ಬುದ್ಧಿ ಕೊಟ್ಟನೋ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿದುಕೊಂಡೆ, ಅಷ್ಟೇ. ತೂಗಾಟದ ವಿರುದ್ಧ ತಿರುಗಿಸೋಕೂ ಹೋಗಲಿಲ್ಲ. ವೇಗ ಇಳಿದ ಮೇಲೆ ತಾನಾಗೇ ನಿಂತಿತು. ಹಿಂದಿನ ಒಂದು ಪಟ್ಟಿ ಹರಿದಿತ್ತು, ಒಂದು ಮಡ್‌ಗಾರ್ಡ್ ಜಜ್ಜಿತ್ತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಅದೊಂದೇ ಪುಣ್ಯ.

ಅಲ್ಲಿಂದ ಮನೆಯವರೆಗೆ 40ರಲ್ಲಿ ಬಂದೆ. ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಹೋದರು. ಬೈಯಲಿ.

ಮರುದಿನ ಅಳೆದೆ. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ, ಮನೆಯಲ್ಲಿ ನಾವು ನಿಂತು ತೂಕ ನೋಡುವ ಸ್ಕೇಲ್ ಸಾಕು. ಸಮತಟ್ಟು ನೆಲ, ಚಕ್ರಕ್ಕೆ ಅಡ್ಡ ಕಲ್ಲು, ಟ್ರೇಲರ್ ಕಾರಿಗೆ ಸಿಕ್ಕಿಸಿದಾಗ ಇರುವ ಎತ್ತರಕ್ಕೇ ಮೂತಿ ಬರುವ ಹಾಗೆ ಸ್ಕೇಲ್ ಮೇಲೆ ಮರದ ತುಂಡು. ಭಾರ ಜಾಸ್ತಿ ಇರುತ್ತೆ, ಸ್ಕೇಲ್ ಒಡೆದೀತು ಅಂತ ಹೆದರಿ ನಾನು ಮೊದಲು ಹಲಗೆ ಇಟ್ಟು ಅಳೆದೆ. ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಸ್ಕೇಲ್ ಮೇಲೆ. ಮೂತಿ ಇಟ್ಟಿಗೆಯಿಂದ ಒಂದು ಅಡಿ, ಸ್ಕೇಲ್‌ನಿಂದ ಎರಡು ಅಡಿ ದೂರ. ಹಲಗೆಯ ಭಾರ ಕಳೆದು ಬಂದದ್ದನ್ನು ಮೂರರಿಂದ ಗುಣಿಸಬೇಕು. ಸುಮಾರು 10 ತೋರಿಸಿತು. ಅಂದರೆ 30. ನಂಬಲಿಲ್ಲ. ಹಲಗೆ ತೆಗೆದು ನೇರ ಇಟ್ಟೆ. ಮುಳ್ಳು ಸ್ವಲ್ಪ ನಡುಗಿ 31ರಲ್ಲಿ ನಿಂತಿತು.

ಆಮೇಲೆ ಲಾರಿ ತೂಕ ಹಾಕುವ ವೇಬ್ರಿಡ್ಜ್‌ಗೆ ಹೋಗಿ ಪೂರ್ತಿ ತೂಕ ಹಾಕಿಸಿದೆ. ದೋಣಿ, ಎಂಜಿನ್, ಪೆಟ್ರೋಲ್, ಸಾಮಾನು, ಟ್ರೇಲರ್ ಎಲ್ಲ ಸೇರಿ 1,100 ಕೆ.ಜಿ. ಅದರಲ್ಲಿ 31 ಅಂದರೆ ಶೇ. 3 ಕೂಡ ಇಲ್ಲ. ಸಾಮಾನ್ಯವಾಗಿ ಟ್ರೇಲರ್ ಒಟ್ಟು ತೂಕದ ಶೇ. 10ರಿಂದ 15 ಮೂತಿಯ ಮೇಲೆ ಇರಬೇಕು ಅನ್ನುತ್ತಾರೆ. ದೋಣಿ ಟ್ರೇಲರ್‌ಗೆ ಶೇ. 5ರಿಂದ 10 ಸಾಕು ಅನ್ನುವ ತಯಾರಕರೂ ಇದ್ದಾರೆ. ಯಾರ ಲೆಕ್ಕ ಹಿಡಿದರೂ ನನ್ನದು ಪಾಸಾಗುವುದಿಲ್ಲ.

ಈಗ ಆ ವರ್ಕ್‌ಶಾಪ್ ಮಾಲೀಕರ ಉತ್ತರಗಳನ್ನು ಕೇಳಿ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಮೊದಲ ಫೋನು. "ಸ್ಪೀಡ್ ಹೋಗಿರ್ತೀರಾ ಸಾರ್." 80 ಅಂದೆ. "ಅದೇ ಮತ್ತೆ, ದೋಣಿ ಇಟ್ಕೊಂಡು 80 ಹೋಗ್ತಾರಾ?" ನಾಲ್ಕು ವರ್ಷ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿದ್ದೇನೆ ಅಂದೆ. "ಹಾಗಾದ್ರೆ ತಳದ ಬಿರಡೆ ತೆಗೆದಿಲ್ಲ ನೀವು, ಒಳಗೆ ನೀರು ನಿಂತಿರುತ್ತೆ." ಹಿಂದೆ ನೀರು ನಿಂತರೆ ಮೂತಿ ಹಗುರ ಆಗುವುದು ನಿಜ, 100 ಲೀಟರ್ ನೀರು ಅಂದರೆ 100 ಕೆ.ಜಿ. ತಾನೇ. ಆದರೆ ನನ್ನ ದೋಣಿ ವರ್ಕ್‌ಶಾಪ್‌ನಿಂದ ಬಂದಮೇಲೆ ನೀರಿಗೇ ಇಳಿದಿರಲಿಲ್ಲ! ಅದನ್ನು ಹೇಳಿದೆ. ಐದು ಸೆಕೆಂಡ್ ಸದ್ದಿಲ್ಲ. ಆಮೇಲೆ "ನಿಮ್ಮ ಕಾರಿನ ಸಸ್ಪೆನ್ಷನ್ ಒಂದ್ಸಲ ತೋರಿಸಿ ಸಾರ್."

ಎರಡನೇ ಸಲ ನಾನೇ ಹೋದೆ. ಬಿಲ್ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟೆ. ಟ್ರೇಲರ್ ಬ್ಯಾಲೆನ್ಸಿಂಗ್. ಇದಕ್ಕೆ ದುಡ್ಡು ತಗೊಂಡಿದ್ದೀರಲ್ಲ, ಏನು ಮಾಡಿದಿರಿ ಹೇಳಿ ಅಂದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಓ ಇದಾ. ಇದು ಚಕ್ರದ ಬ್ಯಾಲೆನ್ಸಿಂಗ್ ಸಾರ್."

ಚಕ್ರದ ಬ್ಯಾಲೆನ್ಸಿಂಗ್! ರಿಮ್ಮಿಗೆ ನಾಲ್ಕು ಸೀಸದ ತುಂಡು ಅಂಟಿಸುವ ಕೆಲಸ! ನಾನು ಎರಡು ಸಲ ಕೇಳಿದ್ದು ಹಿಂದಿನ ಭಾರದ ಬಗ್ಗೆ. "ಬ್ಯಾಲೆನ್ಸ್ ಮಾಡೇ ಕೊಡೋದು" ಅಂತ ಭುಜ ತಟ್ಟಿದ್ದು ಚಕ್ರಕ್ಕಾ? ಮೂತಿ ಎತ್ತಿ ತೋರಿಸಿದ್ದು ಯಾಕೆ ಹಾಗಾದರೆ ಅಂತ ಕೂಗಿದೆ. ಅದಕ್ಕೆ ಬಂದ ಉತ್ತರ ಇದು: "ನೀವೇ ವಿಡಿಯೋ ಮಾಡ್ಕೊಂಡ್ರಲ್ಲ ಸಾರ್. ನೋಡಿ, ಒಪ್ಕೊಂಡೇ ತಗೊಂಡು ಹೋಗಿದ್ದು."

ನನ್ನ ವಿಡಿಯೋ. ನನ್ನ ಮೇಲೇ.

ಮೂರನೇ ಸಲ ವಾಟ್ಸಾಪ್‌ನಲ್ಲಿ ಅವರೇ ಒಂದು ಫೋಟೋ ಕಳಿಸಿದರು. ತೂಗಾಟ ತಡೆಯುವ ಬಾರ್ ಅಂತೆ, ನನಗೆ ರಿಯಾಯಿತಿ ಅಂತೆ. ಅವರೇ ಹಾಳು ಮಾಡಿದ್ದಕ್ಕೆ ಅವರೇ ಮಾರುವ ಔಷಧ. ಭಾರವೇ ತಪ್ಪು ಜಾಗದಲ್ಲಿದ್ದಾಗ ಆ ಬಾರ್ ರೋಗ ವಾಸಿ ಮಾಡುವುದಿಲ್ಲ, ಸ್ವಲ್ಪ ಹೊತ್ತು ಮುಚ್ಚಿಡುತ್ತದೆ ಅಷ್ಟೇ. ದುಡ್ಡು ವಾಪಸ್ ಕೊಡಿ ಅಂತ ಬರೆದೆ. ನೀಲಿ ಗುರುತು ಬಂತು. ಉತ್ತರ ಇವತ್ತಿಗೂ ಇಲ್ಲ.

ಆಮೇಲೆ ಇನ್ನೊಬ್ಬ ಮೆಕ್ಯಾನಿಕ್ ದೋಣಿಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಇನ್ನೊಂದು ಗೊತ್ತಾಯಿತು. ಬ್ಯಾಟರಿ ಮೊದಲು ಮುಂದೆ ಇತ್ತು, 25 ಕೆ.ಜಿ. ಅದನ್ನು ಕಿತ್ತು ಎಂಜಿನ್ ಪಕ್ಕಕ್ಕೇ ತಂದಿದ್ದರು. ಯಾಕೆ? ಕೇಬಲ್ ಉಳಿಸೋಕೆ! ನನಗೆ ಹೇಳಲೂ ಇಲ್ಲ. ಈ ಭಾರದ ಆಟ ಮಕ್ಕಳ ಏರುಪೇರು ಹಲಗೆ ಇದ್ದ ಹಾಗೆ, ಟ್ರೇಲರ್ ಚಕ್ರಗಳ ಅಚ್ಚು, ಅಂದರೆ ಆಕ್ಸಲ್ಲೇ, ನಡುವಿನ ದಿಮ್ಮಿ. ನನ್ನ ಟ್ರೇಲರ್‌ನಲ್ಲಿ ಮೂತಿಯಿಂದ ಆಕ್ಸಲ್‌ಗೆ 5 ಮೀಟರ್. ಎಂಜಿನ್ ಆಕ್ಸಲ್‌ಗಿಂತ 2 ಮೀಟರ್ ಹಿಂದೆ. ಹಿಂದೆ 40 ಕೆ.ಜಿ. ಏರಿದರೆ ಮೂತಿಯಲ್ಲಿ 16 ಕೆ.ಜಿ. ಇಳಿಯಿತು. ಬ್ಯಾಟರಿ ಮೂರೂವರೆ ಮೀಟರ್ ಹಿಂದೆ ಸರಿದದ್ದಕ್ಕೆ ಇನ್ನೊಂದು 17. ಅಲ್ಲಿಗೆ ನನ್ನ ಮುಂಭಾರದ ಅರ್ಧ ಹೋಯಿತು. ಅದನ್ನೇ ಅವರು ಒಂದು ಕೈಯಲ್ಲಿ ಎತ್ತಿ ತೋರಿಸಿದ್ದು.

ಈ ಮೆಕ್ಯಾನಿಕ್ ಬ್ಯಾಟರಿಯನ್ನು ವಾಪಸ್ ಮುಂದಕ್ಕೆ ಇಟ್ಟರು. ಟ್ರೇಲರ್ ಮುಂದೆ ದೋಣಿ ಎಳೆದು ಕಟ್ಟುವ ವಿಂಚ್ ಕಂಬ ಸಡಿಲಿಸಿ ದೋಣಿಯನ್ನು 10 ಸೆಂ.ಮೀ. ಮುಂದಕ್ಕೆ ಎಳೆದರು. ಇನ್ನೂ ಸಾಲಲಿಲ್ಲ. ಕೊನೆಗೆ ಆಕ್ಸಲ್ ಹಿಡಿದಿರುವ ಯು-ಬೋಲ್ಟ್ ಬಿಚ್ಚಿ ಆಕ್ಸಲ್ಲನ್ನೇ ಹೆಚ್ಚುಕಡಿಮೆ ಒಂದು ಗೇಣು, 20 ಸೆಂ.ಮೀ., ಹಿಂದಕ್ಕೆ ಸರಿಸಿದರು. ಎಡಕ್ಕೂ ಬಲಕ್ಕೂ ಮೂತಿಯಿಂದ ಟೇಪ್ ಹಿಡಿದು ಅಳೆದು, ಎರಡೂ ಕಡೆ ಒಂದೇ ಬರುವವರೆಗೆ ಬಿಗಿಗೊಳಿಸಲಿಲ್ಲ. ಆಕ್ಸಲ್ ಜೊತೆ ಮಡ್‌ಗಾರ್ಡೂ ಹಿಂದೆ ಹೋಗಬೇಕು, ದೀಪದ ವೈರೂ ನೋಡಬೇಕು, ಅರ್ಧ ದಿನದ ಕೆಲಸ. ಸ್ಕೇಲ್ ಮೇಲೆ ಈಗ 103. ನನ್ನ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಟೋ ಬಾರ್‌ನ ತಗಡಿನ ಮೇಲೆ ಮೂತಿ ಭಾರದ ಮಿತಿ 120 ಅಂತ ಕೊರೆದಿದೆ, ಹಾಗಾಗಿ ಸರಿ.

ಆ ಮಿತಿಯನ್ನು ನೀವೂ ನೋಡಿ, ನಿಮ್ಮ ಕಾರಿನದು ಕಡಿಮೆ ಇರಬಹುದು. ಮೂತಿ ಭಾರ ಇರಬೇಕು ಅಂತ ಸಿಕ್ಕಿದ್ದನ್ನೆಲ್ಲ ಮುಂದೆ ತುಂಬಿದರೆ ಕಾರಿನ ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಎಂಜಿನ್ ಬದಲಾಯಿಸಿದರೆ, ಬ್ಯಾಟರಿ ಸರಿಸಿದರೆ, ಹಿಂದೆ ಹೊಸ ಟ್ಯಾಂಕ್ ಕೂರಿಸಿದರೆ, ಮತ್ತೆ ಅಳೆಯಿರಿ. ನೀವೇ ಅಳೆಯಿರಿ. ಅವರ ಕೈ ಎತ್ತುವ ಆಟ ನೋಡಬೇಡಿ. ಬಿಲ್ಲಿನಲ್ಲಿ ಬ್ಯಾಲೆನ್ಸಿಂಗ್ ಅಂತ ಇದ್ದರೆ ಯಾವುದರದ್ದು ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ. ಇದನ್ನೂ ಹೇಳಬೇಕಾ ಅನ್ನಬೇಡಿ, ನನಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ದೋಣಿ ಇಳಿಸುವ ಜಾಗದಲ್ಲಿ ನಾನು ಮೂತಿ ಎತ್ತಲಾರದೆ ಜಾಕಿ ಚಕ್ರ ತಿರುಗಿಸುತ್ತಾ ಬೆವರುತ್ತಿದ್ದೆ. ಯಾರೋ ಪುಣ್ಯಾತ್ಮರು ಕೈ ಕೊಡೋಕೆ ಬಂದರು. ಒಂದು ಸಲ ಎತ್ತಿ ನೋಡಿ, ಬಿಟ್ಟು, "ಅಬ್ಬಾ, ಏನ್ ಸಾರ್ ಇಷ್ಟು ಭಾರ. ಬ್ಯಾಲೆನ್ಸ್ ಮಾಡಿಸಿಲ್ವಾ?" ಅಂದರು. ಅವರ ಟ್ರೇಲರ್ ಪಕ್ಕದಲ್ಲೇ ನಿಂತಿತ್ತು. ನಾನು ಡಿಕ್ಕಿ ತೆಗೆದು ಸ್ಕೇಲ್ ಕೊಟ್ಟೆ.