ಬೋರ್ ನೀರಿನ ಪಿಎಚ್: ಬಾಟಲಿ, ಬಾದಾಮಿ ಎಲೆ, ಆರ್‌ಒ ನೀರು

ಮೀನಿನ ತೊಟ್ಟಿಗೆ ಹಾಕುವ ದಾವಣಗೆರೆಯ ಬೋರ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಸಬೇಕಾದರೆ ಆರ್‌ಒ, ಅಂದರೆ ಲವಣ ತೆಗೆದ ಫಿಲ್ಟರ್ ನೀರು, ಬೆರೆಸುವುದೇ ಸರಿ. ಪಿಎಚ್ ಇಳಿಸಲು ಮಾರುವ ಆಮ್ಲದ ಹನಿ, ಪಿಎಚ್ ಡೌನ್ ಬಾಟಲಿಗೆ ಕೊಟ್ಟ ದುಡ್ಡು ದಂಡ. ಗಪ್ಪಿ, ಮೋಲಿ ಸಾಕುವವರಂತೂ ಏನನ್ನೂ ಕೊಳ್ಳಬೇಕಿಲ್ಲ, ಪಿಎಚ್ 8 ಇದ್ದರೂ ಅವು ಹಾಯಾಗಿರುತ್ತವೆ. ತಲೆನೋವು ಕಡಿಮೆ ಪಿಎಚ್ ಬಯಸುವ ಏಂಜೆಲ್, ನಿಯಾನ್ ಟೆಟ್ರಾ ಇಟ್ಟವರಿಗೆ.

ಬಾಟಲಿಯ ಮೊದಲ ತಕರಾರು ಇದು. ಚೀಟಿಯಲ್ಲಿ ಬರೆದಷ್ಟು ಹನಿ ಬಿಟ್ಟರೆ 8.2 ಇದ್ದದ್ದು ಅರ್ಧ ಗಂಟೆಯಲ್ಲಿ 7ಕ್ಕೆ ಬರುತ್ತದೆ. ಮಾರನೇ ದಿನ ನೋಡಿದರೆ ಮತ್ತೆ 8! ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ (ಅದರ ಅಳತೆಯೇ ಕೆಎಚ್) ಬಾಟಲಿಯ ಆಮ್ಲವನ್ನು ನುಂಗಿ ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಆ ಗ್ಯಾಸ್ ಇರುವಷ್ಟು ಹೊತ್ತು ಪಿಎಚ್ ಕೆಳಗೆ. ಏರ್ ಪಂಪ್ ಅದನ್ನು ಹೊರಗೆ ಹಾಕಿದ ಮೇಲೆ ಮತ್ತೆ ಮೇಲಕ್ಕೆ. ಈ ಏರಿಳಿತಕ್ಕಿಂತ ಸ್ಥಿರವಾದ 8 ಮೀನಿಗೆ ವಾಸಿ.

ಹಠ ಹಿಡಿದು ದಿನಾ ಹನಿ ಹಾಕುತ್ತಾ ಹೋದರೆ ಇನ್ನೊಂದು ಅಪಾಯ. ಕೆಎಚ್ ಖಾಲಿಯಾದ ದಿನ ಅದೇ ಹನಿಗಳಿಗೆ ಪಿಎಚ್ ಒಮ್ಮೆಲೇ 5ರ ಕಡೆಗೆ ಕುಸಿಯುತ್ತದೆ. ಫಾಸ್ಫೇಟ್ ಇರುವ ಬಾಟಲಿಯಾದರೆ ಪಾಚಿ ಬೇರೆ.

ಬಾದಾಮಿ ಮರದ ಒಣ ಎಲೆ ಬಿಟ್ಟಿ ಸಿಗುತ್ತದೆ, 50 ಲೀಟರಿಗೆ ಒಂದು ಸಾಕು. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ, ಫೈಟರ್ ಮೀನಿಗೆ ಒಳ್ಳೆಯದು. ಗಡಸು ನೀರಿನ ಪಿಎಚ್ ಮಾತ್ರ ಕದಲುವುದಿಲ್ಲ.

ಆರ್‌ಒ ಲೆಕ್ಕ ಸುಲಭ. ಬೋರ್ ನೀರಿನ ಕೆಎಚ್ 15 ಇದ್ದರೆ ಒಂದು ಪಾಲಿಗೆ ಎರಡು ಪಾಲು ಆರ್‌ಒ, ಕೆಎಚ್ 5. 60 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ 15 ಲೀಟರ್ ತೆಗೆದು, 10 ಆರ್‌ಒ, 5 ಬೋರ್ ಹಾಕಿ. ನಾಲ್ಕು ವಾರಕ್ಕೆ ತೊಟ್ಟಿಯ ಕೆಎಚ್ 8ರ ಹತ್ತಿರ ಬರುತ್ತದೆ, ಅವಸರ ಬೇಡ. ಬೀದಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಒಂದು ಕ್ಯಾನ್ ತಂದರೆ ವಾರ ಕಳೆಯಿತು. ಬರೀ ಆರ್‌ಒ ತುಂಬಬೇಡಿ, ಕೆಎಚ್ ಇಲ್ಲದ ನೀರು ಬಾಟಲಿಯಷ್ಟೇ ಅಪಾಯ.

ಒಂದು ಕಿರಿಕಿರಿ ಇಲ್ಲೂ ಇದೆ. ಸಂಪಿನಲ್ಲಿ ಒಂದು ವಾರ ನದಿಯ ನಲ್ಲಿ ನೀರು ಹೆಚ್ಚು, ಇನ್ನೊಂದು ವಾರ ಬೋರ್ ಹೆಚ್ಚು. ಹಾಗಾಗಿ ಪ್ರತಿ ಸಲ ಕೆಎಚ್ ನೋಡಲೇಬೇಕು: 5 ಮಿಲಿ ನೀರಿಗೆ ಕೆಎಚ್ ಟೆಸ್ಟ್ ಕಿಟ್‌ನ ಹನಿ ಎಣಿಸುತ್ತಾ ಬಿಡಿ, ನೀಲಿ ಹಳದಿಯಾಗುವವರೆಗೆ ಎಷ್ಟು ಹನಿಯೋ ಅಷ್ಟು ಕೆಎಚ್. ಪಿಎಚ್ ಅಳೆಯುವುದಾದರೆ ಬೋರ್ ನೀರನ್ನು ಬಕೆಟ್‌ನಲ್ಲಿ ಒಂದು ದಿನ ಗಾಳಿಗೆ ಬಿಟ್ಟು ಅಳೆಯಿರಿ. ಪಂಪಿನಿಂದ ಬಂದಾಗ 7.2 ತೋರಿಸಿದ್ದು ಗ್ಯಾಸ್ ಹೋದ ಮೇಲೆ 8 ದಾಟುವುದುಂಟು. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ.

ಏಪ್ರಿಲ್ ಬಿಸಿಲಿಗೆ ಆವಿಯಾದಷ್ಟನ್ನು ತುಂಬಲು ಮಾತ್ರ ಬರೀ ಆರ್‌ಒ. ಆವಿಯಾಗುವುದು ನೀರಷ್ಟೇ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ತೊಟ್ಟಿಯ ಬಿಳಿ ಜಲ್ಲಿಯ ಮೇಲೂ ನಿಂಬೆರಸ ಹಿಂಡಿ ನೋಡಿ: ನೊರೆ ಬಂದರೆ ಅದು ಮಾರ್ಬಲ್‌ನಂಥ ಸುಣ್ಣದ ಕಲ್ಲು, ಕರಗಿ ಕೆಎಚ್ ಏರಿಸುತ್ತದೆ, ಮೊದಲು ಅದನ್ನು ತೆಗೆಯಿರಿ.